ಕೇಸ್ ಶೀಟಿನ ಓದು: ತಾಲ್ಲೂಕು ನ್ಯಾಯಾಲಯಕ್ಕೆ ನರ್ಸುಗಳು ಏಕೆ ಬೇಕು

ಶಿವಮೊಗ್ಗದಿಂದ ತುಮಕೂರಿನತ್ತ ಸಾಗುವ ಹೆದ್ದಾರಿ ತರೀಕೆರೆ, ಬೀರೂರು, ಕಡೂರುಗಳನ್ನು ಹಾದುಹೋಗುತ್ತದೆ. ಈ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವರ ಚಿಕಿತ್ಸೆ ಒಂದೇ ಊರಿನಲ್ಲಿ ಮುಗಿಯುವುದು ಅಪರೂಪ. 108ರ ಆಂಬುಲೆನ್ಸಿನಲ್ಲಿ ಮೊದಲ ಹಾಳೆ ಹುಟ್ಟುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣಗಳ, ರಿಜಿಸ್ಟರಿನ ಒಂದು ಸಾಲು, ತುರ್ತು ಚಿಕಿತ್ಸೆಯ ಒಂದು ಚೀಟಿ, ಪೊಲೀಸ್ ಠಾಣೆಗೆ ಹೋದ ಒಂದು ಸೂಚನೆ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಇಲ್ಲವೇ ಹಾಸನ, ಇಲ್ಲವೇ ಚಿಕ್ಕಮಗಳೂರು. ತಲೆಗೆ ಪೆಟ್ಟಾಗಿದ್ದರೆ ಮಣಿಪಾಲ ಅಥವಾ ಬೆಂಗಳೂರು. ಪ್ರತಿ ಆಸ್ಪತ್ರೆಯಲ್ಲೂ ಹೊಸ ನಂಬರು, ಹೊಸ ಕೇಸ್ ಶೀಟು. ಕಡೆಗೆ ಪರಿಹಾರದ ಅರ್ಜಿ ಕಡೂರಿನ ಅಥವಾ ತರೀಕೆರೆಯ ನ್ಯಾಯಾಲಯಕ್ಕೆ ಬರುವಾಗ ವಕೀಲರ ಕೈಯಲ್ಲಿ ಇರುವುದೇನು? ಒಂದೆರಡು ಡಿಸ್ಚಾರ್ಜ್ ಸಮ್ಮರಿ, ಗಾಯದ ಪ್ರಮಾಣಪತ್ರ, ದಾರದಲ್ಲಿ ಪೋಣಿಸಿದ ಔಷಧಿ ಬಿಲ್ಲುಗಳು, ನಾಲ್ಕಾರು ಎಕ್ಸ್‌ರೇ. ಆ ಮನುಷ್ಯನ ದೇಹಕ್ಕೆ ನಿಜವಾಗಿ ಏನಾಯಿತು ಎಂಬುದರ ಗಂಟೆಗಂಟೆಯ ಲೆಕ್ಕ ಮಾತ್ರ ಮೂರು ಊರುಗಳ ಆಸ್ಪತ್ರೆಗಳ ದಾಖಲೆ ಕೋಣೆಗಳಲ್ಲಿ ಉಳಿದುಬಿಡುತ್ತದೆ. ಆ ಲೆಕ್ಕವನ್ನು ತರಿಸಿ, ಓದಿ, ವಕೀಲರಿಗೂ ನ್ಯಾಯಾಧೀಶರಿಗೂ ತಿಳಿಯುವಂತೆ ಜೋಡಿಸಿಕೊಡಲು ಅನುಭವಿ ನರ್ಸುಗಳು ಬೇಕು. ಕಡೂರು, ತರೀಕೆರೆ, ಅಜ್ಜಂಪುರದಂಥ ಕಡೆ ಅದನ್ನು ಈಗಿರುವ ಕಾನೂನಿನೊಳಗೇ ಆರಂಭಿಸಬಹುದು ಎಂಬುದು ಈ ಉಪನ್ಯಾಸದ ವಾದ.

ನರ್ಸುಗಳೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೇಸ್ ಶೀಟಿನ ರಚನೆಯಲ್ಲೇ ಇದೆ. ಒಳರೋಗಿಯ ಕಡತವನ್ನು ಬಿಡಿಸಿ ನೋಡಿದರೆ ವೈದ್ಯರ ಬರಹ ಅದರಲ್ಲಿ ಒಂದು ಪಾಲು ಮಾತ್ರ: ದಾಖಲಾತಿಯ ಟಿಪ್ಪಣಿ, ರೌಂಡ್ಸಿನಲ್ಲಿ ಬರೆದ ಸೂಚನೆ, ಆಪರೇಷನ್ ನೋಟ್ಸ್, ಕೊನೆಯ ಸಮ್ಮರಿ. ಉಳಿದದ್ದು ನರ್ಸುಗಳದ್ದು. ಜ್ವರ, ನಾಡಿ, ಉಸಿರಾಟದ ಚಾರ್ಟ್, ರಕ್ತದೊತ್ತಡ, ಒಳಗೆ ಹೋದ ದ್ರವ, ಹೊರಬಂದ ಮೂತ್ರದ ಅಳತೆ, ಯಾವ ಇಂಜೆಕ್ಷನ್ ಯಾವ ಹೊತ್ತಿಗೆ ಕೊಟ್ಟರು, ಯಾರು ಕೊಟ್ಟರು, ರಕ್ತದ ಚೀಲದ ನಂಬರು, ಏರಿಸಲು ಶುರುಮಾಡಿದ ಸಮಯ, ಮಗ್ಗುಲು ಬದಲಿಸಿದ್ದು, ರಾತ್ರಿ ಎಷ್ಟು ಹೊತ್ತಿಗೆ ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದು, ಅವರು ಎಷ್ಟು ಹೊತ್ತಿಗೆ ಬಂದು ನೋಡಿದ್ದು. ವೈದ್ಯರು ದಿನಕ್ಕೆ ಒಂದೆರಡು ಸಲ ಹಾಸಿಗೆಯ ಬಳಿ ಬರುತ್ತಾರೆ. ರೋಗಿಗಳು ಸಿಸ್ಟರ್ ಎಂದು ಕರೆಯುವವರು ಮೂರು ಪಾಳಿಯಲ್ಲೂ ಅಲ್ಲೇ ಇರುತ್ತಾರೆ. ಆದ್ದರಿಂದ ಮೊಕದ್ದಮೆಗೆ ಬೇಕಾದ ಸಮಯದ ಎಳೆ ಸಿಗುವುದು ಅವರ ಬರಹದಲ್ಲಿ. ಆ ಬರಹವನ್ನು ಓದಬಲ್ಲವರೂ ಮೊದಲಿಗೆ ಅವರೇ. ಯಾವ ಕಾಲಂ ಖಾಲಿ ಬಿಟ್ಟರೆ ಸಹಜ, ಯಾವುದು ಖಾಲಿ ಬಿದ್ದರೆ ಅನುಮಾನಿಸಬೇಕು ಎಂಬುದು ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವರಿಗೆ ಗೊತ್ತು. ಹೆರಿಗೆಯ ಪ್ರಗತಿಯನ್ನು ಗುರುತಿಸುವ ಪಾರ್ಟೋಗ್ರಾಫನ್ನು ಆಯಾ ಹೊತ್ತಿಗೆ ತುಂಬಿದ್ದಾರೆಯೋ, ಎಲ್ಲ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ಒಮ್ಮೆಗೇ ತುಂಬಿದ್ದಾರೆಯೋ ಎಂಬ ಸಂಶಯ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಹುಟ್ಟುವಷ್ಟು ಬೇಗ ಬೇರೆಯವರಿಗೆ ಹುಟ್ಟುವುದಿಲ್ಲ.

ತಲೆಗೆ ಬಿದ್ದ ಪೆಟ್ಟಿನ ಉದಾಹರಣೆಯನ್ನೇ ನೋಡಿ. ಪ್ರಜ್ಞೆಯ ಮಟ್ಟವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಮಾಪಕ 1974ರಲ್ಲಿ ಬಂದದ್ದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲುಗಳ ಚಲನೆಗೆ 6, ಒಟ್ಟು 15. ತೀರ ಕಡಿಮೆ ಎಂದರೆ 3. ಸಮ್ಮರಿಯಲ್ಲಿ 14 ಎಂದಷ್ಟೇ ಬರೆದಿದ್ದರೆ ವಿಮಾ ಕಂಪನಿಯ ವಕೀಲರು ಗಾಯಾಳುವಿಗೆ ಹೆಚ್ಚುಕಡಿಮೆ ಪೂರ್ತಿ ಎಚ್ಚರವಿತ್ತು ಎಂದು ವಾದಿಸುತ್ತಾರೆ. ಗಾಯಾಳುವಿನ ವಕೀಲರಿಗೂ ಅದಕ್ಕೆ ಎದುರಾಡಲು ಏನೂ ತೋಚುವುದಿಲ್ಲ. ಆದರೆ ಗಂಟೆಗೊಮ್ಮೆ ಬರೆದ ಚಾರ್ಟಿನಲ್ಲಿ ಆ ಕಳೆದುಹೋದ ಒಂದು ಅಂಕ ಯಾವ ಸಾಲಿನದು ಎಂಬುದು ಇರುತ್ತದೆ. ಮಾತಿನ ಸಾಲಿನಲ್ಲಿ 5ರ ಬದಲು 4 ಎಂದಿದ್ದರೆ ಆತನ ಉತ್ತರಗಳು ಗೊಂದಲದಿಂದ ಕೂಡಿದ್ದವು, ತಾನೆಲ್ಲಿದ್ದೇನೆ, ಇದು ಯಾವ ದಿನ ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ ಎಂದರ್ಥ. ಅದು ನಾಲ್ಕು ದಿನ ಹಾಗೆಯೇ ಮುಂದುವರಿದಿದ್ದರೆ, ಮುಂದೆ ಮನೆಯವರು ಹೇಳುವ ಮರೆವು, ಸಿಟ್ಟು, ಲೆಕ್ಕ ತಪ್ಪುವುದು ಇವೆಲ್ಲ ಪರಿಹಾರಕ್ಕಾಗಿ ಕಟ್ಟಿದ ಕಥೆಯಂತೆ ಕೇಳಿಸುವುದಿಲ್ಲ. ಇನ್ನೊಂದು ಮಾತು ತುರ್ತು ವಿಭಾಗದ ಚೀಟಿಯಲ್ಲಿ ಆಗಾಗ ಕಾಣುವುದು: ಮದ್ಯದ ವಾಸನೆ ಇದೆ. ಈ ಮೂರು ಪದ ಎಷ್ಟೋ ಅರ್ಜಿಗಳ ಪಾಲಿಗೆ ಮುಳ್ಳಾಗುತ್ತವೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವುದು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರದ ಬಗ್ಗೆ. ಅದಕ್ಕೆ ಪರೀಕ್ಷೆ ಬೇಕು. ರಕ್ತದ ಮಾದರಿ ತೆಗೆದರೇ, ಲ್ಯಾಬಿಗೆ ಕಳಿಸಿದರೇ, ಮುಂದಿನ ಪಾಳಿಯವರು ಅದೇ ವಾಸನೆಯನ್ನು ಬರೆದರೇ ಎಂದು ಕಡತದಲ್ಲಿ ಹುಡುಕಬೇಕು. ಹುಡುಕುವವರಿಲ್ಲದಾಗ ಆ ಮೂರು ಪದವೇ ತೀರ್ಮಾನವಾಗಿ ನಿಲ್ಲುತ್ತದೆ.

ಈಗ ಹಣದ ಲೆಕ್ಕಕ್ಕೆ ಬರೋಣ, ಏಕೆಂದರೆ ಅಪಘಾತ ಪರಿಹಾರದ ಅರ್ಜಿಗಳನ್ನು ಕೇಳುವ ನ್ಯಾಯಮಂಡಳಿಯಲ್ಲಿ ಕೊನೆಗೆ ಎಲ್ಲವೂ ಒಂದು ಶೇಕಡಾವಾರಿನ ಮೇಲೆ ನಿಲ್ಲುತ್ತದೆ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕಗಳನ್ನು ನಿಗದಿ ಮಾಡಿತು; 2017ರ ಪ್ರಣಯ್ ಸೇಥಿ ತೀರ್ಪು ಮುಂದಿನ ಆದಾಯವೃದ್ಧಿಯ ಪ್ರಮಾಣವನ್ನು ಹೇಳಿತು; ಅಂಗವೈಕಲ್ಯದ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ತಿಂಗಳಿಗೆ 12,000 ರೂಪಾಯಿ ದುಡಿಯುವ, 32 ವಯಸ್ಸಿನ ಒಬ್ಬ ಕೂಲಿಯವರನ್ನು ಕಲ್ಪಿಸಿಕೊಳ್ಳಿ. ಮುಂದಿನ ಆದಾಯವೃದ್ಧಿಗೆಂದು ಶೇಕಡಾ 40 ಸೇರಿಸಿದರೆ 16,800. ಹನ್ನೆರಡು ತಿಂಗಳಿಗೂ 16ರ ಗುಣಕಕ್ಕೂ ಹಿಗ್ಗಿಸಿದರೆ 32,25,600. ಗಳಿಕೆಯ ಶಕ್ತಿ ಶೇಕಡಾ 10 ಕುಂದಿದೆ ಎಂದರೆ ಈ ಬಾಬತ್ತಿನಲ್ಲಿ ಸಿಗುವುದು 3,22,560 ರೂಪಾಯಿ. ಶೇಕಡಾ 30 ಎಂದರೆ 9,67,680. ಆರೂವರೆ ಲಕ್ಷದಷ್ಟು ವ್ಯತ್ಯಾಸವನ್ನು ನಿರ್ಧರಿಸುವ ಆ ಅಂಕಿ ಬರುವುದು ಎಲ್ಲಿಂದ? ಬಹಳ ಸಲ ಚಿಕಿತ್ಸೆಯನ್ನೇ ಮಾಡದ ವೈದ್ಯರು ಒಂದು ದಿನ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರದಿಂದ. ನಮ್ಮ ರಾಜ್ಯದ ಪ್ರಕರಣಗಳಲ್ಲಿ ಒಂದು ಅಂಗದ ವೈಕಲ್ಯದ ಮೂರನೇ ಒಂದು ಪಾಲನ್ನು ಇಡೀ ದೇಹದ ವೈಕಲ್ಯ ಎಂದು ಹಿಡಿಯುವ ರೂಢಿಯೂ ಇದೆ. ರೂಢಿ ಸುಲಭ, ಆದರೆ ಅದು ಆ ಮನುಷ್ಯನ ಕೆಲಸವನ್ನು ನೋಡುವುದಿಲ್ಲ.

ಸುಪ್ರೀಂ ಕೋರ್ಟ್ ಈ ತೊಡಕನ್ನು 2010ರ ಅಕ್ಟೋಬರಿನಲ್ಲಿ, ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ, ಬಹಳ ಶ್ರದ್ಧೆಯಿಂದ ಬಿಡಿಸಿತು. ಅಂಗದ ವೈಕಲ್ಯ ಬೇರೆ, ಇಡೀ ದೇಹದ ವೈಕಲ್ಯ ಬೇರೆ, ಗಳಿಕೆಯ ಶಕ್ತಿಗೆ ಆದ ನಷ್ಟ ಬೇರೆ ಎಂದಿತು. ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ಆಗುವ ನಷ್ಟವೂ ಗುಮಾಸ್ತನಿಗೆ ಆಗುವ ನಷ್ಟವೂ ಒಂದಲ್ಲ ಎಂಬುದು ಅದು ಕೊಟ್ಟ ನಿದರ್ಶನ. ಆ ಪ್ರಕರಣದಲ್ಲೇ ಎಡಗಾಲಿಗೆ ಸಂಬಂಧಿಸಿ ಶೇಕಡಾ 45 ಎಂದಿದ್ದ ವೈಕಲ್ಯವನ್ನು ಗಳಿಕೆಯ ದೃಷ್ಟಿಯಿಂದ ಶೇಕಡಾ 20 ಎಂದು ನಿರ್ಧರಿಸಿತು. ಜತೆಗೆ, ಚಿಕಿತ್ಸೆ ಮಾಡದ ವೈದ್ಯರ ಸಿದ್ಧಪಡಿಸಿಟ್ಟಂಥ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ, ನ್ಯಾಯಮಂಡಳಿ ಸುಮ್ಮನೆ ಕೂತು ನೋಡುವಂತಿಲ್ಲ, ಸತ್ಯವನ್ನು ಕಂಡುಕೊಳ್ಳಲು ತಾನೇ ವಿಚಾರಣೆ ಮಾಡಬೇಕು ಎಂದೂ ಹೇಳಿತು. ಈ ತೀರ್ಪನ್ನು ನಮ್ಮ ವಕೀಲರು ದಿನನಿತ್ಯ ಉಲ್ಲೇಖಿಸುತ್ತಾರೆ. ಉಲ್ಲೇಖಿಸುವುದಕ್ಕೂ ಅದರಂತೆ ಸಾಕ್ಷ್ಯ ಕಟ್ಟುವುದಕ್ಕೂ ನಡುವೆ ಇರುವ ಅಂತರವೇ ನನ್ನ ಕಳವಳ. ಅಜ್ಜಂಪುರದ ಕಡೆ ಈರುಳ್ಳಿ ಹೊಲದಲ್ಲಿ ದುಡಿಯುವ ಹೆಣ್ಣುಮಗಳ ಮೊಣಕಾಲು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚುವುದಿಲ್ಲ ಎಂದು ಫಿಸಿಯೋಥೆರಪಿ ಹಾಳೆಯಲ್ಲಿ ಬರೆದಿದೆ ಎಂದಿಟ್ಟುಕೊಳ್ಳಿ. ಕುರ್ಚಿಯ ಮೇಲೆ ಕೂತು ದುಡಿಯುವವರಿಗೆ ಅಷ್ಟು ಸಾಕು. ಕಳೆ ತೆಗೆಯಲು, ಗೆಡ್ಡೆ ಕೀಳಲು ದಿನವಿಡೀ ಕುಕ್ಕರಗಾಲಿನಲ್ಲಿ ಕೂರುವವಳಿಗೆ ಮೊಣಕಾಲು ಇನ್ನೂ ಬಹಳ ಮಡಚಬೇಕು. ಅವಳ ಪಾಲಿಗೆ ಆ ಅಂಕಿ ಕೆಲಸದ ಬಹುಭಾಗವನ್ನೇ ಕಿತ್ತುಕೊಂಡಂತೆ. ತರೀಕೆರೆಯ ಅಡಿಕೆ ತೋಟದಲ್ಲಿ ಗೊನೆ ಇಳಿಸುವವನ ಪಾದದ ಕೀಲು ಹತ್ತು ಡಿಗ್ರಿ ಬಿಗಿದುಕೊಂಡರೂ ಅದೇ ಕಥೆ. ಈ ಎರಡನ್ನೂ, ಅಂದರೆ ಹಾಳೆಯ ಮೇಲಿನ ಡಿಗ್ರಿಯನ್ನೂ ಹೊಲದ ಕೆಲಸವನ್ನೂ, ಒಟ್ಟಿಗೆ ಬಲ್ಲವರು ನಮ್ಮ ಊರುಗಳ ನರ್ಸುಗಳು. ಹೊಲ, ತೋಟಗಳ ಬದುಕನ್ನು ಹತ್ತಿರದಿಂದ ಕಂಡವರು ಅವರಲ್ಲಿ ಬಹಳ ಮಂದಿ.

ಅಮೆರಿಕದಲ್ಲಿ ಇದು ನೆಲೆಗೊಂಡ ವೃತ್ತಿ. ಲೀಗಲ್ ನರ್ಸ್ ಕನ್ಸಲ್ಟೆಂಟ್ ಎಂದು ಕರೆಸಿಕೊಳ್ಳುವವರ ರಾಷ್ಟ್ರೀಯ ಸಂಘ ಅಲ್ಲಿ 1989ರಲ್ಲೇ ಹುಟ್ಟಿತು. ಪ್ರತ್ಯೇಕ ಪ್ರಮಾಣೀಕರಣ ಪರೀಕ್ಷೆಯೂ ಇದೆ. ವಕೀಲರು ಪ್ರಕರಣ ಹಿಡಿಯುವ ಮೊದಲೇ ಇವರು ಕಡತ ಓದಿ ಅದರಲ್ಲಿ ಹುರುಳಿದೆಯೇ ಎಂದು ಹೇಳುತ್ತಾರೆ. ಯಾವ ಹಾಳೆ ಕಾಣೆಯಾಗಿದೆ ಎಂದು ಪಟ್ಟಿ ಮಾಡುತ್ತಾರೆ. ಸಾವಿರಾರು ಪುಟಗಳನ್ನು ತಾರೀಖು, ಗಂಟೆಗಳ ಕ್ರಮದಲ್ಲಿ ಕೆಲವೇ ಪುಟಗಳಿಗೆ ಇಳಿಸುತ್ತಾರೆ. ಯಾವ ತಜ್ಞ ವೈದ್ಯರನ್ನು ಕೇಳಬೇಕು, ಏನು ಕೇಳಬೇಕು ಎಂದು ಸೂಚಿಸುತ್ತಾರೆ. ಆದರೆ ಅಲ್ಲಿನ ವ್ಯವಸ್ಥೆಯ ಹಿಂದೆ ದೊಡ್ಡ ವಕೀಲ ಸಂಸ್ಥೆಗಳಿವೆ, ಪರಿಹಾರದ ಮೊತ್ತದಲ್ಲಿ ಪಾಲು ಪಡೆಯುವ ವಕೀಲರ ಶುಲ್ಕ ಪದ್ಧತಿಯಿದೆ. ನಮ್ಮ ಬಾರ್ ಕೌನ್ಸಿಲಿನ ನಿಯಮಗಳು ಅಂಥ ಶುಲ್ಕವನ್ನು ನಿಷೇಧಿಸುತ್ತವೆ, ಅದು ಹಾಗೇ ಇರಬೇಕು. ನಾವು ತರಬೇಕಾದದ್ದು ಕೆಲಸವನ್ನು, ಅದರ ಮಾರುಕಟ್ಟೆಯನ್ನಲ್ಲ.

ವೈದ್ಯರೇ ಇರುವಾಗ ನರ್ಸ್ ಏಕೆ ಎಂಬುದು ಮೊದಲು ಬರುವ ಆಕ್ಷೇಪ. ಇದಕ್ಕೆ ಬಲವಿದೆ. ರೋಗನಿರ್ಣಯ ಸರಿಯಾಗಿತ್ತೇ, ಶಸ್ತ್ರಚಿಕಿತ್ಸೆಯ ಆಯ್ಕೆ ಒಪ್ಪುವಂಥದ್ದೇ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ವೈದ್ಯರದ್ದೇ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, 2005ರಲ್ಲಿ, ವೈದ್ಯರ ಮೇಲೆ ಕ್ರಿಮಿನಲ್ ಕ್ರಮ ಕೈಗೊಳ್ಳುವ ಮುನ್ನ ಅದೇ ಶಾಖೆಯ ನಿಷ್ಪಕ್ಷಪಾತ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ವಿವೇಕದ ಮಾತು. ನನ್ನ ವಾದ ಅದಕ್ಕಿಂತ ಹಿಂದಿನ ಹೆಜ್ಜೆಯದು. ವೈದ್ಯರ ಮುಂದೆ ಪೂರ್ತಿ ಕಡತ ಇಟ್ಟರೆ ತಾನೇ ಅವರು ಅಭಿಪ್ರಾಯ ಕೊಡುವುದು? ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೊರರೋಗಿಗಳ ಸಾಲು ಬಿಟ್ಟು ನ್ಯಾಯಾಲಯದಲ್ಲಿ ಕಾದು ಕೂರಬೇಕಾದ ಕಷ್ಟವನ್ನು ರಾಜ್‌ಕುಮಾರ್ ತೀರ್ಪೇ ಗುರುತಿಸಿ, ಅವರಿಗೆ ನಿಗದಿತ ಸಮಯ ಕೊಡಿ, ಬೇಕಿದ್ದರೆ ಕಮಿಷನರ್ ಮೂಲಕ ಸಾಕ್ಷ್ಯ ದಾಖಲಿಸಿ ಎಂದಿತ್ತು. ಎಲ್ಲ ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಉತ್ತರ ಬೇಕಾದ ಐದಾರು ಪ್ರಶ್ನೆಗಳನ್ನು ಬೇರ್ಪಡಿಸಿಟ್ಟರೆ ವೈದ್ಯರ ಒಂದು ಗಂಟೆ ಉಳಿಯುತ್ತದೆ, ಅವರ ಮಾತಿನ ತೂಕವೂ ಹೆಚ್ಚುತ್ತದೆ. ಇನ್ನು ಶುಶ್ರೂಷೆಯದೇ ಆದ ಪ್ರಶ್ನೆಗಳಿವೆ. 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ಟೈಫಾಯಿಡ್ ಜ್ವರದ ಮಗುವಿಗೆ ವೈದ್ಯರು ಬರೆದ ಔಷಧದ ಬದಲು ಬೇರೊಂದು ಇಂಜೆಕ್ಷನ್ ಕೊಟ್ಟು, ಮಗುವಿನ ಮಿದುಳಿಗೆ ಶಾಶ್ವತ ಹಾನಿಯಾಯಿತು. ಕೊಟ್ಟವರು ಅರ್ಹತೆ ಪಡೆದ ನರ್ಸೇ ಆಗಿರಲಿಲ್ಲ. ಇಂಜೆಕ್ಷನ್ ಕೊಡುವ ಮೊದಲು ಚೀಟಿಯೊಂದಿಗೆ ಏನೇನು ತಾಳೆ ನೋಡಬೇಕು ಎಂಬುದನ್ನು ಹೇಳಲು ನರ್ಸಿಗಿಂತ ಯೋಗ್ಯರು ಯಾರು?

ಕಾನೂನು ಇದಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ವಕೀಲ ಮಿತ್ರರದು. ಒಪ್ಪುತ್ತದೆ, ಅದೂ ಎರಡು ಬಾಗಿಲುಗಳಿಂದ. ಮೋಟಾರು ವಾಹನ ಕಾಯ್ದೆಯ 169ನೇ ಕಲಮಿನ ಮೂರನೇ ಉಪಕಲಂ, ವಿಚಾರಣೆಗೆ ಸಂಬಂಧಿಸಿದ ವಿಷಯದಲ್ಲಿ ವಿಶೇಷ ತಿಳಿವಳಿಕೆ ಉಳ್ಳ ಒಬ್ಬರು ಅಥವಾ ಹೆಚ್ಚು ಮಂದಿಯನ್ನು ತನ್ನ ನೆರವಿಗೆ ಆರಿಸಿಕೊಳ್ಳುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ವೈದ್ಯರನ್ನೇ ಆರಿಸಬೇಕು ಎಂದು ಅಲ್ಲಿಲ್ಲ. ಇಷ್ಟು ವರ್ಷ ಈ ಬಾಗಿಲನ್ನು ನಾವು ಹೆಚ್ಚಾಗಿ ತಟ್ಟಲೇ ಇಲ್ಲ. ಎರಡನೆಯದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಹೆಸರಿಸಿದ್ದ ಕೆಲವೇ ವಿಷಯಗಳ ಜತೆಗೆ, ಬೇರೆ ಯಾವುದೇ ಕ್ಷೇತ್ರದಲ್ಲಿ ವಿಶೇಷ ಪರಿಣತಿ ಇರುವವರ ಅಭಿಪ್ರಾಯಕ್ಕೂ ಅದು ಜಾಗ ಮಾಡಿದೆ. ಇಷ್ಟಾಗಿಯೂ ನರ್ಸುಗಳನ್ನು ಆತುರದಿಂದ ಸಾಕ್ಷಿಕಟ್ಟೆ ಹತ್ತಿಸುವುದನ್ನು ನಾನು ಬೆಂಬಲಿಸುವುದಿಲ್ಲ. ಅವರ ಮುಖ್ಯ ಕೆಲಸ ವಕೀಲರ ಮೇಜಿನ ಪಕ್ಕದ್ದು. ಅವರು ಬರೆದ ಕಾಲಾನುಕ್ರಮದ ಪ್ರತಿ ಸಾಲಿಗೂ ಮೂಲದ ಪುಟ ಸಂಖ್ಯೆ ಇರಬೇಕು. ಆಗ ಎದುರು ವಕೀಲರು ತಕರಾರು ತೆಗೆದರೆ ತೋರಿಸಲು ಆಸ್ಪತ್ರೆಯ ಹಾಳೆಯೇ ಇರುತ್ತದೆ, ನರ್ಸಿನ ಮಾತನ್ನು ನಂಬಿ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಇದು ವ್ಯಾಜ್ಯಗಳನ್ನು ಹೆಚ್ಚಿಸುತ್ತದೆ, ವೈದ್ಯರು ಹೆದರಿ ತಾಲ್ಲೂಕುಗಳನ್ನೇ ಬಿಟ್ಟುಹೋಗುತ್ತಾರೆ ಎಂಬ ಭಯವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವಿ.ಪಿ. ಶಾಂತಾ ಪ್ರಕರಣದಲ್ಲಿ, 1995ರಲ್ಲಿ, ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಾಗಿನಿಂದ ಈ ಭಯ ಇದ್ದೇ ಇದೆ. ಆದರೆ ಮನುಷ್ಯರು ಮೊಕದ್ದಮೆ ಹೂಡುವುದು ಕಡತ ಓದಿ ಅಲ್ಲ, ಬಹಳ ಸಲ ಯಾರೂ ಕಡತವನ್ನು ಓದಿ ಹೇಳದೆ ಇದ್ದುದಕ್ಕೆ. ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ತಾಯಿ ತೀರಿಕೊಂಡಳು, ಆಸ್ಪತ್ರೆಯ ಮುಂದೆ ಗಲಾಟೆಯಾಯಿತು, ಕಲ್ಲು ತೂರಿದರು ಎಂದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಸ್ರಾವ ಶುರುವಾಯಿತು, ಯಾವ ಔಷಧ ಕೊಟ್ಟರು, ರಕ್ತಕ್ಕೆ ಯಾವಾಗ ಹೇಳಿಕಳಿಸಿದರು, ಆಂಬುಲೆನ್ಸ್ ಎಷ್ಟಕ್ಕೆ ಹೊರಟಿತು ಎಂಬುದನ್ನು ಒಬ್ಬ ಅನುಭವಿ ನರ್ಸ್ ಮನೆಯವರ ಮುಂದೆ ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿದರೆ, ಎಲ್ಲ ಮಾಡಬೇಕಾದಂತೆ ಮಾಡಿದ್ದಾರೆ ಎಂದು ಗೊತ್ತಾಗುವ ಪ್ರಕರಣಗಳು ಕಡಿಮೆಯೇನಿಲ್ಲ. ಅಂಥ ಕಡೆ ವಕೀಲರಿಗೆ ಈ ಕೇಸಿನಲ್ಲಿ ಏನೂ ಇಲ್ಲ, ಮನೆಗೆ ಹೋಗಿ ಎಂದು ಹೇಳಲು ಆಧಾರ ಸಿಗುತ್ತದೆ. ಪ್ರಾಮಾಣಿಕವಾಗಿ ದುಡಿಯುವ ತಾಲ್ಲೂಕು ವೈದ್ಯರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ. ಹಾಗೆಯೇ ಮಾಡಬೇಕಾದದ್ದನ್ನು ಮಾಡದೆ ಬಿಟ್ಟಿದ್ದರೆ ಅದೂ ಕಾಣುತ್ತದೆ, ಕಾಣಬೇಕು ಕೂಡ.

ಇನ್ನೊಂದು ಆಕ್ಷೇಪ ನಮ್ಮ ನೆಲಕ್ಕೇ ಸೇರಿದ್ದು, ಹೇಳಲು ಮುಜುಗರದ್ದು. ತೆಂಗಿನ ಮರದಿಂದಲೋ ಅಡಿಕೆ ಮರದಿಂದಲೋ ಬಿದ್ದವರನ್ನು ಬೈಕ್ ಅಪಘಾತ ಎಂದು ತೋರಿಸಿ ಅರ್ಜಿ ಹಾಕುವುದುಂಟು ಎಂಬ ಆರೋಪ. ಉತ್ತರ ಪ್ರದೇಶದಲ್ಲಿ ಸುಳ್ಳು ಪರಿಹಾರ ಅರ್ಜಿಗಳ ತನಿಖೆಗೆ ವಿಶೇಷ ತಂಡವೇ ರಚನೆಯಾಗಿ, 2021ರಲ್ಲಿ ಸುಪ್ರೀಂ ಕೋರ್ಟ್ ಆ ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. ಆದ್ದರಿಂದ ಇದು ವಿಮಾ ಕಂಪನಿಗಳ ಬರೀ ನೆಪವಲ್ಲ. ನರ್ಸ್ ಕಡತ ಓದಿದರೆ ದಾಖಲಾದ ರಾತ್ರಿಯ ಮೊದಲ ಟಿಪ್ಪಣಿಯಲ್ಲಿ ಮರದಿಂದ ಬಿದ್ದು ಎಂದು ಬರೆದದ್ದು ಸಿಗುತ್ತದೆ. ಹಾಗಾದರೆ ಆಕೆ ಸ್ವಂತ ಕಕ್ಷಿದಾರರಿಗೇ ಕೇಡು ಮಾಡಿದಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಆ ಸಾಲು ಇಂದಲ್ಲ ನಾಳೆ ವಿಮಾ ಕಂಪನಿಯ ಕೈಗೆ ಸಿಕ್ಕೇ ಸಿಗುತ್ತದೆ, ಆಗ ಅರ್ಜಿಯ ಜತೆಗೆ ಮನುಷ್ಯನ ಮಾನವೂ ಹೋಗುತ್ತದೆ. ಮೊದಲೇ ಗೊತ್ತಾದರೆ ವಕೀಲರು ಅವನಿಗೆ ನಿಜವಾಗಿ ಸಲ್ಲಬೇಕಾದ ದಾರಿ ತೋರಿಸಬಹುದು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಮಾಲೀಕರ ಕೈಕೆಳಗೆ ದುಡಿಯುತ್ತಿದ್ದರೆ ನೌಕರರ ಪರಿಹಾರದ ಕಾನೂನು ಅನ್ವಯಿಸುತ್ತದೆಯೇ ಎಂದು ನೋಡಬಹುದು. ಸುಳ್ಳಿನ ದಾರಿ ಹಿಡಿದವರಲ್ಲಿ ಎಷ್ಟೋ ಮಂದಿಗೆ ನಿಜದ ದಾರಿಯೊಂದು ಇದೆ ಎಂದೇ ಯಾರೂ ಹೇಳಿರುವುದಿಲ್ಲ ಎಂಬುದನ್ನು ಮರೆಯಬಾರದು. ವ್ಯತಿರಿಕ್ತವಾದದ್ದೂ ನಡೆಯುತ್ತದೆ. ನಿಜವಾದ ಅಪಘಾತದಲ್ಲಿ ಪ್ರಜ್ಞೆಯಿಲ್ಲದೆ ಬಂದವನ ಬಗ್ಗೆ ಜತೆಗೆ ಬಂದ ದಾರಿಹೋಕರು ಬಿದ್ದಿದ್ದ ಎಂದಷ್ಟೇ ಹೇಳಿರುತ್ತಾರೆ. ಅದನ್ನೇ ತಾನಾಗಿ ಬಿದ್ದದ್ದು ಎಂದು ಬರೆದುಬಿಡುತ್ತಾರೆ. ಹೇಳಿಕೆ ಕೊಟ್ಟವರು ಯಾರು, ಆ ಹೊತ್ತಿಗೆ ಗಾಯಾಳುವಿಗೆ ಪ್ರಜ್ಞೆ ಇತ್ತೇ ಎಂದು ಕೇಳುವ ಅಭ್ಯಾಸ ನರ್ಸಿಗೆ ಇರುತ್ತದೆ.

ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ನರ್ಸ್ ತನ್ನ ಹಳೆಯ ಸಹೋದ್ಯೋಗಿಗಳ ಕಡತವನ್ನು ಹೇಗೆ ಓದಿಯಾಳು ಎಂಬ ಸಂದೇಹಕ್ಕೆ ನಿಯಮವೇ ಉತ್ತರ: ತಾನು ದುಡಿದ ಆಸ್ಪತ್ರೆಯ ಕಡತವನ್ನು ಆಕೆ ಮುಟ್ಟಬಾರದು. ಕಡೂರಿನವರು ತರೀಕೆರೆಯದನ್ನು ಓದಲಿ, ತರೀಕೆರೆಯವರು ಕಡೂರಿನದನ್ನು. ಗೌಪ್ಯತೆಗೆ ಗಾಯಾಳುವಿನ ಲಿಖಿತ ಒಪ್ಪಿಗೆ ಬೇಕು, ಪ್ರಕರಣ ಮುಗಿದ ಮೇಲೆ ಪ್ರತಿಗಳು ಅವರಿಗೇ ಮರಳಬೇಕು. ಗೆದ್ದರೆ ಇಷ್ಟು ಎಂಬ ಸಂಭಾವನೆ ವಕೀಲರಿಗೆ ಹೇಗೆ ಸಲ್ಲದೋ ನರ್ಸಿಗೂ ಸಲ್ಲದು.

ಕಾಲದ ಒತ್ತಡವೂ ಒಂದಿದೆ, ಅದನ್ನು ವಿವರವಾಗಿ ಹೇಳಬೇಕು. 2002ರ ವೈದ್ಯಕೀಯ ನಡಾವಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಮೂರು ವರ್ಷ ಕಳೆದ ಮೇಲೆ ವಾರ್ಡಿನ ಚಾರ್ಟುಗಳು ಉಳಿದಿರುತ್ತವೆ ಎಂಬ ಭರವಸೆ ಇಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಮಿತಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವನ್ನು ತಂದಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಗಳಲ್ಲಿ ಮೊದಲ ವರದಿಯನ್ನೂ 90 ದಿನಗಳಲ್ಲಿ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇದು ಒಳ್ಳೆಯ ಸುಧಾರಣೆ. ಆದರೆ ಪೊಲೀಸರು ತರಿಸಿಕೊಳ್ಳುವ ಗಾಯದ ಪ್ರಮಾಣಪತ್ರ ಹುಟ್ಟಿದ್ದು ಅಪರಾಧ ಕಾನೂನಿನ ಅಗತ್ಯಕ್ಕೆ, ಗಾಯ ಸಾದಾ ಬಗೆಯದೋ ತೀವ್ರ ಬಗೆಯದೋ ಎಂದು ಹೇಳಲು. ಮೂಳೆಗೆ ಹಾಕಿದ ಪ್ಲೇಟನ್ನು ಮುಂದೆ ತೆಗೆಯಬೇಕೇ, ಗಾಯ ಕೀವಾಗಿ ಮತ್ತೆ ಎಷ್ಟು ಸಲ ಆಪರೇಷನ್ ಆಯಿತು, ಮನೆಯಲ್ಲಿ ನೋಡಿಕೊಳ್ಳಲು ಒಬ್ಬರು ಎಷ್ಟು ತಿಂಗಳು ಕೂಲಿ ಬಿಟ್ಟರು ಎಂಬುದೆಲ್ಲ ಅದರಲ್ಲಿ ಬರುವುದಿಲ್ಲ. ಇನ್ನೊಂದು ಪದ ನೋಡಿ: ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟರು ಎಂಬುದಕ್ಕೆ ಆಸ್ಪತ್ರೆಗಳು ಬಳಸುವ ಲಾಮಾ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪ. ಮನೆಯವರು ಗಾಯಾಳುವನ್ನು ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯಲು ಹೊರಟಾಗಲೂ ಅದನ್ನೇ ಬರೆಯುವುದುಂಟು. ಓದುವ ವಿಮಾ ವಕೀಲರಿಗೆ ಅದು ಅಲಕ್ಷ್ಯದ ಸಾಕ್ಷಿ. ಎರಡು ಆಸ್ಪತ್ರೆಗಳ ಕಾಗದಗಳಲ್ಲಿ ಹೊರಟ ಹೊತ್ತನ್ನೂ ಸೇರಿದ ಹೊತ್ತನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಆ ಅಪವಾದ ನಿಲ್ಲುವುದಿಲ್ಲ.

ಯಾರು ಮಾಡಬೇಕು, ಹಣ ಎಲ್ಲಿಂದ ಎಂಬ ಕೊನೆಯ ಆಕ್ಷೇಪಕ್ಕೆ ಬರೋಣ. ಸೇವೆಯಲ್ಲಿರುವ ಸರ್ಕಾರಿ ನರ್ಸುಗಳು ಮಾಡುವಂತಿಲ್ಲ, ಅವರಿಗೆ ಪುರುಸೊತ್ತೂ ಇಲ್ಲ. ನಿವೃತ್ತರಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ರಾಷ್ಟ್ರೀಯ ಪ್ರಾಧಿಕಾರ 2009ರಲ್ಲಿ ಆರಂಭಿಸಿದ ಅರೆಕಾನೂನು ಸ್ವಯಂಸೇವಕರ ಯೋಜನೆ ನಿವೃತ್ತ ಸರ್ಕಾರಿ ನೌಕರರನ್ನು ಆರಿಸಿಕೊಳ್ಳಲು ಅವಕಾಶ ಕೊಟ್ಟಿದೆ, ಅವರಿಗೆ ಗೌರವಧನವೂ ಉಂಟು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅಪಘಾತದ ಕಡತಗಳಲ್ಲಿ ಇವರ ಹೆಸರುಗಳೇನು ಕಡಿಮೆಯಿಲ್ಲ. ಕಡೂರಿನಲ್ಲಿ ಇಬ್ಬರು, ತರೀಕೆರೆಯಲ್ಲಿ ಇಬ್ಬರು ನಿವೃತ್ತ ನರ್ಸುಗಳನ್ನು ಈ ಪಟ್ಟಿಗೆ ಸೇರಿಸಿಕೊಳ್ಳಲು ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಮೊನ್ನೆಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ ಅಗತ್ಯ ಇನ್ನೂ ಹೆಚ್ಚು. ಅಲ್ಲಿಯವರು ಚಿಕಿತ್ಸೆಗೆ ಶಿವಮೊಗ್ಗದ ಕಡೆಗೂ ಹೋಗುತ್ತಾರೆ, ದಾವಣಗೆರೆಯ ಕಡೆಗೂ ಹೋಗುತ್ತಾರೆ, ಕಾಗದಗಳು ಅಷ್ಟೇ ಚದುರುತ್ತವೆ. ಮುಂದಿನ ತಲೆಮಾರಿಗೆ ನೆಲ ಹದವಾಗುತ್ತಲೂ ಇದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಫೊರೆನ್ಸಿಕ್ ನರ್ಸಿಂಗ್ ಮತ್ತು ಭಾರತೀಯ ಕಾನೂನುಗಳ ಪರಿಚಯ ಒಂದು ವಿಷಯವಾಗಿ ಸೇರಿದೆ. ಆ ಪಾಠವನ್ನು ತರಗತಿಯಲ್ಲಿ ಮುಗಿಸದೆ, ಹೆಸರು ಅಳಿಸಿದ ಹಳೆಯ ಕೇಸ್ ಶೀಟುಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಗಂಟೆಗಳ ಕ್ರಮದಲ್ಲಿ ಜೋಡಿಸಲು ಕಲಿಸಬೇಕು.

ಆರಂಭ ಎಲ್ಲಿಂದ ಎಂದು ಕೇಳಿದರೆ ನನ್ನ ಉತ್ತರ ಒಂದು ಹಾಳೆಯ ಅರ್ಜಿಯಿಂದ. ಡಿಸ್ಚಾರ್ಜ್ ಸಮ್ಮರಿ ಕೊಡಿ ಎಂದಷ್ಟೇ ಬರೆಯುವುದನ್ನು ಬಿಟ್ಟು, ಬೇಕಾದ ಪ್ರತಿ ದಾಖಲೆಯ ಹೆಸರು ಹೇಳಿ ಕೇಳುವ ಅರ್ಜಿ: ಆಂಬುಲೆನ್ಸಿನ ಹಾಳೆ, ಎಂಎಲ್‌ಸಿ ರಿಜಿಸ್ಟರಿನ ಪ್ರತಿ, ತುರ್ತು ವಿಭಾಗದ ಚೀಟಿ, ನರ್ಸುಗಳ ಟಿಪ್ಪಣಿ, ಔಷಧ ಕೊಟ್ಟ ಚಾರ್ಟ್, ಕೋಮಾ ಚಾರ್ಟ್, ಆಪರೇಷನ್ ಮತ್ತು ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ, ಫಿಸಿಯೋಥೆರಪಿ ಹಾಳೆ. ಕಂಪ್ಯೂಟರಿನಲ್ಲಿ ಇಟ್ಟ ದಾಖಲೆಗಳಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಜತೆಗೇ ಕೇಳಬೇಕು, ಇಲ್ಲವಾದರೆ ಮುಂದೆ ಅವುಗಳನ್ನು ಗುರುತು ಹಾಕಿಸುವಾಗ ತಕರಾರು ಏಳುತ್ತದೆ. ಇಂಥ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಮೂರೂ ಊರುಗಳ ಕಾನೂನು ನೆರವಿನ ಕೇಂದ್ರಗಳಲ್ಲಿ, ವಕೀಲರ ಸಂಘಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳ ದಾಖಲಾತಿ ಕೌಂಟರಿನಲ್ಲಿ ಇಡಬಹುದು. ಗಾಯಾಳು ಮನೆಗೆ ಮರಳಿದ ವಾರದಲ್ಲೇ ಆ ಅರ್ಜಿ ಆಸ್ಪತ್ರೆಯನ್ನು ತಲುಪಿ, ಸ್ವೀಕರಿಸಿದ ತಾರೀಖಿನ ಮೊಹರು ಅದರ ನಕಲಿನ ಮೇಲೆ ಬೀಳಬೇಕು. 72 ಗಂಟೆಗಳ ಲೆಕ್ಕ ಆ ಮೊಹರಿನಿಂದ ಶುರುವಾಗುತ್ತದೆ.